ಶಿಕ್ಷೆ ಒಂದು ಜಿಲ್ಲೆ, ಜೈಲು ಇನ್ನೊಂದು: ಹೇಬಿಯಸ್ ಅರ್ಜಿ ಯಾವ ಕೋರ್ಟಿಗೆ?

ಕೇಳಿದವರು:
ನಮಸ್ಕಾರ. ನಮ್ಮ ಚಿಕ್ಕಪ್ಪನ ಮಗನಿಗೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಶಿಕ್ಷೆಯಾಯಿತು. ಈಗ ಕರ್ನ್ ಕೌಂಟಿಯ ಡೆಲಾನೋ ಜೈಲಿನಲ್ಲಿದ್ದಾನೆ. ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಕೆಲಸ ಆಗಲಿಲ್ಲ. ಇನ್ನು ಉಳಿದಿರುವುದು ಫೆಡರಲ್ ಹೇಬಿಯಸ್ ಒಂದೇ, ಅಂದರೆ ಈ ಬಂಧನ ಕಾನೂನಿಗೆ ಸರಿಯೇ ಅಂತ ಕೇಂದ್ರದ ಕೋರ್ಟನ್ನು ಕೇಳುವ ಅರ್ಜಿ. ವಕೀಲರಿಗೆ ದುಡ್ಡಿಲ್ಲ, ಅವನೇ ಹಾಕಬೇಕು. ಸ್ಯಾನ್ ಫ್ರಾನ್ಸಿಸ್ಕೋ ಕಡೆಗಾ, ಫ್ರೆಸ್ನೋ ಕಡೆಗಾ? ಗೊತ್ತಿದ್ದವರು ಹೇಳಿ.

ಸ್ಯಾಕ್ರಮೆಂಟೋದಿಂದ:
ಎರಡೂ ಕಡೆ ಹಾಕಬಹುದು. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಫೆಡರಲ್ ಕೋರ್ಟ್ ಜಿಲ್ಲೆಗಳಿವೆ. ಇಂಥ ರಾಜ್ಯಗಳಲ್ಲಿ ಶಿಕ್ಷೆ ಕೊಟ್ಟ ಜಿಲ್ಲೆ, ಜೈಲಿರುವ ಜಿಲ್ಲೆ ಎರಡಕ್ಕೂ ಅಧಿಕಾರ ಇದೆ. ಫೆಡರಲ್ ಹೇಬಿಯಸ್ ಕಾನೂನಿನ 2241(ಡಿ) ಕಲಂ ಓದಿ ನೋಡಿ. ನಿಮಗೆ ಅಂದರೆ ಶಿಕ್ಷೆಯಾದ ಉತ್ತರ ಜಿಲ್ಲೆ (ಸ್ಯಾನ್ ಫ್ರಾನ್ಸಿಸ್ಕೋ ಕಡೆ) ಮತ್ತು ಜೈಲಿರುವ ಪೂರ್ವ ಜಿಲ್ಲೆ (ಫ್ರೆಸ್ನೋ ಕಡೆ).

ನಮ್ಮ ಮೈದುನ ಜೈಲಿನ ಜಿಲ್ಲೆಗೆ ಕಳಿಸಿದ್ದ. ಸ್ವಲ್ಪ ದಿನಕ್ಕೆ ಒಂದೇ ಹಾಳೆಯ ಆದೇಶ ಬಂತು: ಶಿಕ್ಷೆಯಾದ ಜಿಲ್ಲೆಗೆ ವರ್ಗಾಯಿಸಲಾಗಿದೆ ಅಂತ. ಸಾಕ್ಷಿಗಳು, ದಾಖಲೆ ಎಲ್ಲ ಅಲ್ಲೇ ಇರುತ್ತಲ್ಲ. ಅರ್ಜಿ ತಳ್ಳಿಹಾಕಲಿಲ್ಲ, ಮೊದಲು ಹಾಕಿದ ತಾರೀಖೂ ಉಳಿಯಿತು. ಕೇಸ್ ನಂಬರ್ ಮಾತ್ರ ಬದಲಾಯಿತು. ಆಮೇಲಿನ ಪತ್ರಗಳಿಗೆಲ್ಲ ಹೊಸ ನಂಬರನ್ನೇ ಬರೆಯಬೇಕು.

ಫ್ರೀಮಾಂಟ್‌ನಿಂದ:
ಹೌದಾ? ನನ್ನ ಸ್ನೇಹಿತ ಇಮಿಗ್ರೇಶನ್ ಬಂಧನದಲ್ಲಿದ್ದಾಗ ವಕೀಲರು, ಎಲ್ಲಿ ಇಟ್ಟಿದ್ದಾರೋ ಅಲ್ಲೇ ಹಾಕಬೇಕು ಅಂದಿದ್ದರು.

ಲಾಸ್ ಏಂಜಲಿಸ್‌ನಿಂದ (ಲಾ ಆಫೀಸಿನಲ್ಲಿ ಕೆಲಸ, ವಕೀಲೆ ಅಲ್ಲ):
ಅವರು ಹೇಳಿದ್ದೂ ಸರಿ, ಅದು ಬೇರೆ ದಾರಿ. ಫೆಡರಲ್ ಸರ್ಕಾರದ ಬಂಧನದಲ್ಲಿದ್ದವರು ಅದನ್ನು ಪ್ರಶ್ನಿಸಿದರೆ ಸಾಮಾನ್ಯವಾಗಿ ಬಂಧನದ ಜಿಲ್ಲೆಯೇ. ಪಡಿಲ್ಲಾ ಎಂಬ ಬಂಧಿತನ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ 2004ರ ತೀರ್ಪು ಅದನ್ನೇ ಹೇಳಿತು. ಅವನನ್ನು ದಕ್ಷಿಣ ಕೆರೊಲಿನಾದಲ್ಲಿ ಇಟ್ಟಿದ್ದರು, ಅರ್ಜಿ ಬಿದ್ದಿದ್ದು ನ್ಯೂಯಾರ್ಕಿನಲ್ಲಿ. ನಡೆಯಲಿಲ್ಲ. ರಾಜ್ಯದ ತೀರ್ಪಿನ ಮೇಲೆ ಜೈಲಿನಲ್ಲಿ ಇರುವವರಿಗೆ 2241(ಡಿ) ಎರಡು ಬಾಗಿಲು ತೆರೆದಿದೆ.

ಆದರೆ ಅರ್ಜಿಯಲ್ಲಿ ಏನು ಕೇಳುತ್ತಿದ್ದೀರಿ ಅನ್ನುವುದು ಮುಖ್ಯ. ಶಿಕ್ಷೆಯೇ ತಪ್ಪು ಅಂತಾದರೆ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯಾದ ಜಿಲ್ಲೆಗೆ ಹೋಗುತ್ತದೆ. ಪೆರೋಲ್ ಅಥವಾ ಒಳ್ಳೆಯ ನಡತೆಗೆ ಸಿಗುವ ದಿನಗಳ ಲೆಕ್ಕದ ಜಗಳವಾದರೆ ಜೈಲಿನ ಜಿಲ್ಲೆ. ನಿಮ್ಮದು ಮೊದಲನೆಯದು ತಾನೇ? ನೇರವಾಗಿ ಉತ್ತರ ಜಿಲ್ಲೆಗೇ ಕಳಿಸಿ, ಸುಮ್ನೆ ಓಡಾಟ ಬೇಡ.

ನನ್ನ ಕೇಳಿದರೆ ಕೋರ್ಟಿನ ಪ್ರಶ್ನೆಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಜಾಗ ತಪ್ಪಿದರೆ ಕೋರ್ಟೇ ಸರಿಮಾಡುತ್ತದೆ. ಗಡುವು ತಪ್ಪಿದರೆ ಸಾಮಾನ್ಯವಾಗಿ ಕೇಸು ಅಲ್ಲಿಗೇ ಮುಗಿಯಿತು. 1996ರ ಕಾನೂನು ಕೊಟ್ಟಿರುವುದು ಒಂದು ವರ್ಷ. ನೇರ ಮೇಲ್ಮನವಿಯನ್ನು ರಾಜ್ಯದ ಸುಪ್ರೀಂ ಕೋರ್ಟ್ ನಿರಾಕರಿಸಿದ ಮೇಲೆ, ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಲು ಇರುವ 90 ದಿನ ಕಳೆದು, ಆಮೇಲೆ ವರ್ಷ ಶುರು. ರಾಜ್ಯದ ಕೋರ್ಟಿನಲ್ಲಿ ಸರಿಯಾಗಿ ಹಾಕಿದ ಹೇಬಿಯಸ್ ಬಾಕಿ ಇದ್ದರೆ ಗಡಿಯಾರ ನಿಲ್ಲುತ್ತದೆ. ಫೆಡರಲ್ ಅರ್ಜಿ ಬಾಕಿ ಇದ್ದರೆ ನಿಲ್ಲಲ್ಲ, 2001ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಪ್ರತಿಯೊಂದು ವಾದವನ್ನೂ ಮೊದಲು ರಾಜ್ಯದ ಸುಪ್ರೀಂ ಕೋರ್ಟಿನ ಮುಂದೆ ಇಟ್ಟಿರಬೇಕು. ಎರಡನೇ ಅರ್ಜಿ ಹಾಕಲು ಮೇಲಿನ ಕೋರ್ಟಿನ ಅನುಮತಿ ಬೇಕು, ಅದು ಅಪರೂಪ. ಇರುವುದನ್ನೆಲ್ಲ ಒಂದೇ ಸಲ ಹಾಕಿ.

ಸ್ಯಾಕ್ರಮೆಂಟೋದಿಂದ:
ಕೆಲಸಕ್ಕೆ ಬರುವ ವಿಷಯ ಇನ್ನೊಂದಿಷ್ಟು. ಶುಲ್ಕ 5 ಡಾಲರ್. ಅದೂ ಇಲ್ಲದಿದ್ದರೆ ಮನ್ನಾ ಕೇಳಬಹುದು, ಅವನ ಜೈಲು ಖಾತೆಯಲ್ಲಿ ಎಷ್ಟಿದೆ ಅನ್ನುವ ಪ್ರಮಾಣಪತ್ರ ಲಗತ್ತಿಸಬೇಕು. ಎದುರುದಾರ ಅಂತ ವಾರ್ಡನ್ (ಜೈಲಿನ ಮುಖ್ಯಸ್ಥರು) ಹೆಸರು ಹಾಕಿ. ಲಕೋಟೆಯನ್ನು ನೀವು ಮನೆಗೆ ತರಿಸಿ ಪೋಸ್ಟ್ ಮಾಡಬೇಡಿ. ಅವನೇ ಜೈಲಿನ ಲೀಗಲ್ ಮೇಲ್‌ನಲ್ಲಿ (ಕೋರ್ಟಿನ ಪತ್ರಗಳಿಗಿರುವ ಅಂಚೆ) ಕೊಡಲಿ. ಕೊಟ್ಟ ದಿನವೇ ಹಾಕಿದ ದಿನ. ಆ ತಾರೀಖು, ಅಂಚೆ ವೆಚ್ಚ ಕಟ್ಟಿದ ವಿಷಯ ಎರಡನ್ನೂ ಬರೆದು ಸಹಿ ಮಾಡಲಿ. ಜೈಲು ಬದಲಾದರೆ ಕೂಡಲೇ ಹೊಸ ವಿಳಾಸ ತಿಳಿಸಬೇಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನಲ್ಲಿರುವ ಚಿಕ್ಕಪ್ಪ ತಾವೇ ಸಹಿ ಹಾಕಿ ಕಳಿಸುತ್ತೇನೆ ಅಂತಿದ್ದಾರೆ. ನಮ್ಮಲ್ಲಿ ಮಗ ಕಾಣೆಯಾದರೆ ಅಪ್ಪನೇ ಹೈಕೋರ್ಟಿಗೆ ಹೋಗುತ್ತಾನಲ್ಲ, ಹಾಗೆ.

ಲಾಸ್ ಏಂಜಲಿಸ್‌ನಿಂದ:
ಬೇಡ ಅನ್ನಿ. ಅವನಿಗೆ ಕೈಲಾಗದ ಪರಿಸ್ಥಿತಿ ಇದ್ದರೆ ಮಾತ್ರ ಬೇರೆಯವರು ಮುಂದೆ ಬರಬಹುದು, ಅದಕ್ಕೂ ಕಾರಣ ತೋರಿಸಬೇಕು. ಹುಡುಗ ಹುಷಾರಾಗಿದ್ದಾನೆ ಅಂದರೆ ಅವನೇ ಸಹಿ ಮಾಡಲಿ. ನೀವು ಇವತ್ತೇ ರಾಜ್ಯದ ಸುಪ್ರೀಂ ಕೋರ್ಟ್ ಆದೇಶದ ತಾರೀಖು ನೋಡಿ ಇಲ್ಲಿ ಹಾಕಿ, ದಿನ ಎಣಿಸೋಣ.