ಮಗುವಿನ ಕರಿಗುಡ್ಡೆ ಅಂಚಿನ ಗಂಟು: ಆಪರೇಷನ್ ಮಾಡಿಸಿದವರು ದಯವಿಟ್ಟು ಹೇಳಿ

ಮಗಳಿಗೆ ಎರಡೂವರೆ ವರ್ಷ. ಹುಟ್ಟಿದಾಗಿನಿಂದ ಎಡಗಣ್ಣಿನ ಕರಿಗುಡ್ಡೆ ಅಂಚಲ್ಲಿ, ಕಿವಿ ಕಡೆಗೆ, ಅಕ್ಕಿಕಾಳಿನಷ್ಟು ಬಿಳಿ ಗಂಟು. ‘ಲಿಂಬಲ್ ಡರ್ಮಾಯ್ಡ್, ಕ್ಯಾನ್ಸರ್ ಅಲ್ಲ, ತೆಗೆಯಬಹುದು’ ಅಂದರು ಡಾಕ್ಟರು. ಗ್ರಹಣದ ದಿನ ನಾನು ಹೊರಗೆ ಓಡಾಡಿದ್ದಕ್ಕೇ ಹೀಗಾಯ್ತು ಅಂತಾರೆ ಅತ್ತೆ. ಈಗಲೇ ಮಾಡಿಸೋದಾ, ಕಾಯೋದಾ?

* * *

ಮೊದಲು ಆ ಗ್ರಹಣದ ಮಾತು ತಲೆಯಿಂದ ತೆಗೀರಿ ತಂಗಿ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಚರ್ಮದ ಚೂರೊಂದು ದಾರಿ ತಪ್ಪಿ ಕಣ್ಣಿನ ಮೇಲೆ ಉಳಿದುಬಿಡುತ್ತೆ, ಅಷ್ಟೆ. ನಿಮ್ಮ ತಪ್ಪು ಏನೂ ಇಲ್ಲ. ನನ್ನ ಮಗನ ಗಂಟಿನಲ್ಲಿ ಎರಡು ಕೂದಲೂ ಇದ್ದವು. ಉಜ್ಜಿ ಉಜ್ಜಿ ಕಣ್ಣು ಕೆಂಪು ಮಾಡ್ಕೊಳ್ಳೋನು.

ನಾವು ಮೊದಲು ತೋರಿಸಿದವರು ‘ದೊಡ್ಡವನಾಗಲಿ’ ಅಂದು ಕಳಿಸಿದ್ರು. ಕಣ್ಣಿನ ಪವರ್ ನೋಡಲೇ ಇಲ್ಲ. ಆ ಎರಡು ವರ್ಷ ಇವತ್ತಿಗೂ ನನಗೆ ಚುಚ್ಚುತ್ತೆ. ಗಂಟು ಕರಿಗುಡ್ಡೆಯನ್ನ ಒಂದು ಕಡೆಗೆ ಎಳೆದು ಸಿಲಿಂಡರ್ ಪವರ್ ತರುತ್ತೆ, ಅಂದ್ರೆ ಕರಿಗುಡ್ಡೆಯ ಬಾಗು ಎಲ್ಲ ಕಡೆ ಒಂದೇ ಸಮ ಇರಲ್ಲ. ಚಿತ್ರ ಮಸುಕಾಗಿ ಬಂದರೆ ಮಿದುಳು ಆ ಕಣ್ಣನ್ನೇ ಬಿಟ್ಟುಬಿಡುತ್ತೆ, ಸೋಮಾರಿ ಕಣ್ಣು ಆಗುತ್ತೆ. ಅದಕ್ಕೇ ಗಂಟು ಎಷ್ಟು ದೊಡ್ಡದು ಅಂತ ಕೇಳೋ ಮೊದಲು ಪವರ್ ಎಷ್ಟು ಅಂತ ಕೇಳಿ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡ್ತಾರೆ.

ಆಪರೇಷನ್ ಪೂರ್ತಿ ಅರಿವಳಿಕೆಯಲ್ಲಿ. ಇವನದು ಆಳಕ್ಕಿಳಿದಿತ್ತು. ಗಂಟು ಕೆರೆದು ತೆಗೆದು, ತೆಳುವಾದ ಜಾಗಕ್ಕೆ ನೇತ್ರದಾನದಿಂದ ಬಂದ ಕಾರ್ನಿಯಾದ (ಕರಿಗುಡ್ಡೆಯ ಪಾರದರ್ಶಕ ಭಾಗ) ಪದರವೊಂದನ್ನ ಕೂರಿಸಿ ಹೊಲಿದ್ರು. ಆ ಕಣ್ಣು ಕೊಟ್ಟ ಮನೆಯವರನ್ನ ದಿನಾ ನೆನೆಸ್ತೀನಿ.

ಗಂಟು ಹೋಯ್ತು, ಪವರ್ ಹೋಗಲಿಲ್ಲ. ಕನ್ನಡಕ ಬಂತು, ಸೋಮಾರಿ ಕಣ್ಣು ಕೆಲಸ ಮಾಡಲಿ ಅಂತ ಒಳ್ಳೆ ಕಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ. ನಿಜವಾದ ಕೆಲಸ ಅದೇ. ಮೊದಮೊದಲು ಕಿತ್ತು ಬಿಸಾಡೋನು. ಆಮೇಲೆ ತಟ್ಟೆಯಲ್ಲಿ ಹೆಸರುಕಾಳು, ಅಲಸಂದೆ ಬೆರೆಸಿಟ್ಟು ‘ಬೇರೆ ಮಾಡು ಪುಟ್ಟ’ ಅಂದೆ. ಬೆರಳಿಂದ ತಡವಿ ತಡವಿ ಆರಿಸೋನು; ಮೂರ್ನಾಲ್ಕು ತಿಂಗಳಾದ ಮೇಲೆ ನೋಡಿ ಆರಿಸತೊಡಗಿದ.

* * *

ನನಗೇ ಇತ್ತು, ಈಗ ವಯಸ್ಸು 26. ಚಿಕ್ಕದು, ಮೇಲ್ಮೇಲೆ ಇತ್ತು. ಕಾಲೇಜು ಮುಗಿದ ಮೇಲೆ ತೆಗೆಸಿದೆ. ಗರ್ಭಚೀಲದ ತೆಳು ಪೊರೆ ಹಚ್ಚಿದ್ರು. ಬಿಳಿ ಕಲೆ ಉಳಿದಿದೆ, ಹತ್ತಿರ ಬಂದರೆ ಕಾಣುತ್ತೆ. ಏನೂ ಇರಲೇ ಇಲ್ಲ ಅನ್ನೋ ಹಾಗೆ ಆಗುತ್ತೆ ಅಂತ ಮಗುಗೆ ಹೇಳಬೇಡಿ ಅಕ್ಕ. ಉಬ್ಬು ಹೋದದ್ದೇ ನನಗೆ ಸಾಕಾಯ್ತು.

* * *

ಇನ್ನೊಂದು ಮಾತು. ಮಗಳ ಕಿವಿ ಮುಂದೆ ಚರ್ಮದ ಸಣ್ಣ ಗಂಟು ಏನಾದ್ರೂ ಇದೆಯಾ ನೋಡಿ. ಕೆಲವು ಮಕ್ಕಳಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ, ಗೋಲ್ಡನ್‌ಹಾರ್ ಸಿಂಡ್ರೋಮ್ ಅಂತಾರೆ. ಹಾಗಿದ್ರೆ ಕಿವಿ ಕೇಳಿಸುತ್ತಾ, ಬೆನ್ನುಮೂಳೆ ಸರಿ ಇದೆಯಾ ಅಂತಾನೂ ನೋಡಿಸಬೇಕು. ಅರಿವಳಿಕೆ ಡಾಕ್ಟರಿಗೂ ಮೊದಲೇ ತಿಳಿಸಿ.

* * *

ಈಗಷ್ಟೇ ನೋಡಿದೆ. ಎಡಗಿವಿ ಮುಂದೆ ಒಂದಿದೆ, ಕೂದಲಲ್ಲಿ ಮುಚ್ಚಿಹೋಗಿತ್ತು. ಮಚ್ಚೆ ಅಂದ್ಕೊಂಡಿದ್ವಿ. ನಾಳೆನೇ ಕರ್ಕೊಂಡು ಹೋಗ್ತೀನಿ.