ಕರುಳುಬೇನೆ ಲಸಿಕೆ ಕುರಿಗೆ ಹಿಡಿದಷ್ಟು ಮೇಕೆಗೇಕೆ ಹಿಡಿಯುವುದಿಲ್ಲ?

ಪ್ರಶ್ನೆ

ಕುರಿ, ಮೇಕೆ ಎರಡೂ ಇರುವ ನಮ್ಮ ಹಿಂಡಿಗೆ ಒಂದೇ ದಿನ, ಒಂದೇ ಬಾಟಲಿಯಿಂದ ಕರುಳುಬೇನೆ ಲಸಿಕೆ ಹಾಕಿಸಿದ್ದೆವು. ಆರು ತಿಂಗಳಾದ ಮೇಲೂ ಕುರಿಗಳು ಚೆನ್ನಾಗಿವೆ. ಆದರೆ ಎರಡು ಮೇಕೆಗಳು ನೀರಿನಂತೆ ಭೇದಿಯಾಗಿ ಸತ್ತವು, ಕೊಯ್ದು ನೋಡಿದ ವೈದ್ಯರು ಅದೇ ರೋಗವೆಂದರು. ಬ್ಯಾಕ್ಟೀರಿಯಾ ಒಂದೇ ಆಗಿರುವಾಗ ಫಲ ಬೇರೆಯಾಗುವುದೇಕೆ? ಮೇಕೆಗೆ ತಕ್ಕ ಲಸಿಕೆ ರೂಪಿಸಲು ಅಡ್ಡಿಯೇನು?

ಉತ್ತರ 1

ಈ ಲಸಿಕೆಯ ಜೀವಾಳ ಬ್ಯಾಕ್ಟೀರಿಯಾವಲ್ಲ, ಅದು ಸ್ರವಿಸುವ ಎಪ್ಸಿಲಾನ್ ವಿಷ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಡಿ ಮಾದರಿಯೇ ಆ ಬ್ಯಾಕ್ಟೀರಿಯಾ; ಅದು ಆರೋಗ್ಯವಂತ ಪ್ರಾಣಿಯ ಕರುಳಿನಲ್ಲೂ ಅಲ್ಪಸ್ವಲ್ಪ ಇರಬಲ್ಲದು. ಕಾಳು ಅತಿಯಾಗಿ ತಿಂದಾಗ ಜೀರ್ಣವಾಗದ ಪಿಷ್ಟ ಸಣ್ಣ ಕರುಳಿಗೆ ಇಳಿದು, ಅದನ್ನುಂಡು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಬಿಟ್ಟ ಅರೆವಿಷವನ್ನು ಕರುಳಿನದೇ ಟ್ರಿಪ್ಸಿನ್ ಕಿಣ್ವ ಕತ್ತರಿಸಿ ಪೂರ್ಣ ವಿಷವಾಗಿಸುತ್ತದೆ. ತಯಾರಿಕೆಯಲ್ಲಿ ಈ ವಿಷವನ್ನು ಫಾರ್ಮಲಿನ್‌ನಿಂದ ಶಮನಗೊಳಿಸಿ (ಹೀಗೆ ಶಮನಗೊಂಡ ವಿಷವೇ ಟಾಕ್ಸಾಯ್ಡ್) ಅಲ್ಯೂಮಿನಿಯಂ ಲವಣದೊಡನೆ ಬೆರೆಸುತ್ತಾರೆ. ಫಾರ್ಮಲಿನ್ ಕಡಿಮೆಯಾದರೆ ವಿಷ ಉಳಿಯುತ್ತದೆ, ಹೆಚ್ಚಾದರೆ ದೇಹ ಗುರುತಿಸಬೇಕಾದ ಆಕಾರವೇ ಕೆಡುತ್ತದೆ.

ಕುರಿಯಲ್ಲಿ ವಿಷವು ರಕ್ತಕ್ಕೆ ಸೇರಿ ಮೆದುಳಿನ ರಕ್ತನಾಳಗಳನ್ನು ಹಾಳುಮಾಡುತ್ತದೆ. ಆದ್ದರಿಂದಲೇ ನಿನ್ನೆ ಜಿಗಿಯುತ್ತಿದ್ದ ದಷ್ಟಪುಷ್ಟ ಮರಿ ಬೆಳಿಗ್ಗೆ ಕತ್ತು ಹಿಂದಕ್ಕೆ ಸೆಟೆದು ಸತ್ತಿರುತ್ತದೆ. ರಕ್ತದಲ್ಲಿ ಪ್ರತಿಕಾಯ, ಅಂದರೆ ವಿಷವನ್ನು ಹಿಡಿಯಲು ದೇಹವೇ ತಯಾರಿಸುವ ಪ್ರೋಟೀನ್, ಇದ್ದರೆ ವಿಷ ಅಲ್ಲೇ ಸಿಕ್ಕಿಬೀಳುತ್ತದೆ. ಮೇಕೆಯಲ್ಲಾದರೋ ಹಾನಿಯ ಬಹುಪಾಲು ದೊಡ್ಡ ಕರುಳಿನಲ್ಲೇ ನಡೆಯುವುದುಂಟು, ರಕ್ತದ ಪ್ರತಿಕಾಯ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಮೇಲಾಗಿ ಆ ಪ್ರತಿಕಾಯವೂ ಮೇಕೆಯಲ್ಲಿ ಬೇಗ ಇಳಿಯುತ್ತದೆ.

ಉತ್ತರ 2

ಇದರ ಜೊತೆಗೆ ನನ್ನದೊಂದು ತಕರಾರಿದೆ. ಯುರೋಪಿನ ಔಷಧ ಸಂಹಿತೆಯ ಪ್ರಕಾರ ಈ ಲಸಿಕೆಯ ಬಲವನ್ನು ಅಳೆಯುವುದು ಮೊಲದಲ್ಲಿ: ಲಸಿಕೆ ಪಡೆದ ಮೊಲಗಳ ಸೀರಮ್‌ನಲ್ಲಿ ಮಿಲಿಲೀಟರಿಗೆ ಕನಿಷ್ಠ 5 ಅಂತರರಾಷ್ಟ್ರೀಯ ಯೂನಿಟ್ ಪ್ರತಿವಿಷ (ಈ ವಿಷವನ್ನು ತಡೆಯುವ ಪ್ರತಿಕಾಯ) ಇರಬೇಕು. ಮೊಲ ಉತ್ತೀರ್ಣವಾದ ಮಾತ್ರಕ್ಕೆ ಮೇಕೆಯಲ್ಲಿ ಆ ರಕ್ಷಣೆ ಎಷ್ಟು ತಿಂಗಳು ನಿಲ್ಲುತ್ತದೆಂದು ಹೇಗೆ ತಿಳಿಯಬೇಕು?

ಆದರೂ ಒಂದೇ ವಿಷದ ರೋಗ ಲಸಿಕೆ ತಯಾರಕನಿಗೆ ಸುಲಭವೆಂದೇ ಹೇಳಬೇಕು. ಗೊರಸು ಕೊಳೆಯುವ ರೋಗವನ್ನು ನೋಡಿ: ಅದನ್ನು ತರುವ ಬ್ಯಾಕ್ಟೀರಿಯಾವಾದ ಡೈಚಿಲೋಬ್ಯಾಕ್ಟರ್ ನೋಡೋಸಸ್‌ನ ಮೇಲ್ಮೈಯ ಕೂದಲೆಳೆಯಂತಹ ರಚನೆಗಳೇ ಲಸಿಕೆಯ ಗುರಿ, ಆದರೆ ಅವುಗಳಲ್ಲಿ 10 ಗುಂಪುಗಳಿವೆ, ಒಂದರ ರಕ್ಷಣೆ ಇನ್ನೊಂದಕ್ಕೆ ಬಾರದು. ಎಲ್ಲವನ್ನೂ ಒಂದೇ ಸೂಜಿಯಲ್ಲಿ ತುಂಬಿದರೆ ಒಂದಕ್ಕೊಂದು ಪೈಪೋಟಿಯಾಗಿ ಪ್ರತಿಯೊಂದರ ಪ್ರತಿಕಾಯವೂ ತಗ್ಗುತ್ತದೆ. ಹೀಗಾಗಿ ಹಿಂಡಿನಲ್ಲಿರುವ ಗುಂಪುಗಳನ್ನು ಮೊದಲು ಪತ್ತೆಹಚ್ಚಿ, ಎರಡೆರಡಾಗಿ ಕೊಡುವ ಕ್ರಮ ಫಲ ಕೊಟ್ಟಿದೆ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದ. ನಾವು ಎರಡನೆಯ ಡೋಸ್ ಹಾಕಿಸಿರಲಿಲ್ಲ. ಕುರಿಗೂ ಇಲ್ಲ, ಮೇಕೆಗೂ ಇಲ್ಲ.

ಉತ್ತರ 1

ಹಾಗಿದ್ದರೆ ಕುರಿಗಳು ಬದುಕಿದ್ದನ್ನು ಲಸಿಕೆಯ ಲೆಕ್ಕಕ್ಕೆ ಪೂರ್ತಿ ಹಾಕಬೇಡಿ, ಮೇವಿನ ಪುಣ್ಯವೂ ಇರಬಹುದು. ಟಾಕ್ಸಾಯ್ಡ್‌ನ ಮೊದಲ ಡೋಸ್ ದೇಹಕ್ಕೆ ಪರಿಚಯವಷ್ಟೇ; ಸುಮಾರು 4 ವಾರಗಳ ನಂತರದ ಎರಡನೆಯದೇ ಪ್ರತಿಕಾಯವನ್ನು ಏರಿಸುತ್ತದೆ. ಆಮೇಲೆ ಕುರಿಗೆ ವರ್ಷಕ್ಕೊಮ್ಮೆ ಸಾಲುವುದಾದರೂ, ಅಪಾಯವಿರುವ ಹಿಂಡಿನ ಮೇಕೆಗೆ 3–4 ತಿಂಗಳಿಗೊಮ್ಮೆ ಬೂಸ್ಟರ್ ಕೊಡುವ ಸಲಹೆಯಿದೆ. ಗಬ್ಬದ ಪ್ರಾಣಿಗಳಿಗೆ ಈಯುವ 3–4 ವಾರ ಮೊದಲು ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ. ನಿಮ್ಮ ವೈದ್ಯರೊಡನೆ ದಿನಾಂಕ ಗೊತ್ತುಮಾಡಿಕೊಳ್ಳಿ, ಅಲ್ಲಿಯವರೆಗೆ ಮೇಕೆಗಳಿಗೆ ಕಾಳನ್ನು ಒಮ್ಮೆಲೇ ಹೆಚ್ಚಿಸಬೇಡಿ.