ಸಹಾಯ ಬೇಕು: ಲೋಲಕದ ಪಾಠದಲ್ಲಿ ಉತ್ತರ ನಾನೇ ಹೇಳಿಬಿಟ್ಟೆ

ಎಲ್ಲ ಮೇಷ್ಟ್ರಿಗೂ ಮೇಡಂಗಳಿಗೂ ನಮಸ್ಕಾರ. ನಾನು ಬಿ.ಎಡ್. ಓದುತ್ತಿದ್ದೇನೆ. ಈಗ ಒಂದು ಸರ್ಕಾರಿ ಶಾಲೆಯಲ್ಲಿ ಇಂಟರ್ನ್‌ಶಿಪ್. ಮೊನ್ನೆ 7ನೇ ತರಗತಿಗೆ ಲೋಲಕದ (ದಾರಕ್ಕೆ ಕಟ್ಟಿ ಅತ್ತಿತ್ತ ತೂಗಾಡಿಸುವ ಭಾರ) ಪಾಠ ಮಾಡಿದೆ. ಬೋರ್ಡಿನಲ್ಲಿ ಏನೂ ಬರೆಯಲಿಲ್ಲ. ದಾರ, ಕಲ್ಲು, ಸ್ಕೇಲು ಕೊಟ್ಟು ಒಂದೇ ಪ್ರಶ್ನೆ ಕೇಳಿದೆ: ಕಲ್ಲು ಭಾರ ಆದರೆ ಬೇಗ ತೂಗುತ್ತಾ?

42 ಮಕ್ಕಳು, 6 ಗುಂಪು. ಮೊದಲ ಹತ್ತು ನಿಮಿಷ ಬರೀ ಗಲಾಟೆ. ಆಮೇಲೆ ತಾವೇ ಎಣಿಸತೊಡಗಿದರು. 25 ಸೆಂ.ಮೀ. ದಾರ 10 ಸಲ ತೂಗಲು ಸುಮಾರು 10 ಸೆಕೆಂಡ್, 1 ಮೀಟರ್ ದಾರಕ್ಕೆ 20. ದಾರ ನಾಲ್ಕು ಪಟ್ಟಾದರೂ ಸಮಯ ಎರಡೇ ಪಟ್ಟು ಅಂತ ಒಬ್ಬ ಹುಡುಗ ಕೂಗಿದಾಗ ನನಗೆ ಮೈ ಜುಮ್ಮೆಂದಿತು.

ತೊಂದರೆ ಬಂದಿದ್ದು ಕೊನೆಯ ಗುಂಪಿನಲ್ಲಿ. ದೊಡ್ಡ ಕಲ್ಲು ನಿಧಾನ ಅಂತ ಅವರ ಲೆಕ್ಕ. ಅವರು ದಾರವನ್ನು ಗಂಟಿನ ತನಕ ಅಳೆದಿದ್ದರು, ಕಲ್ಲಿನ ನಡುವಿನ ತನಕ ಅಲ್ಲ. ಹಾಗಾಗಿ ದೊಡ್ಡ ಕಲ್ಲಿನ ಲೋಲಕ ನಿಜವಾಗಿ ಉದ್ದ ಆಗಿತ್ತು, ಅದಕ್ಕೇ ನಿಧಾನ. ಬೆಲ್ ಹೊಡೆಯಲು ಎರಡೇ ನಿಮಿಷ ಇತ್ತು. ಗಾಬರಿಯಲ್ಲಿ "ನಿಮ್ಮದು ತಪ್ಪು, ಭಾರಕ್ಕೆ ಸಂಬಂಧ ಇಲ್ಲ" ಅಂದುಬಿಟ್ಟೆ. ತುಟಿ ಅಲ್ಲಾಡಿಸುತ್ತ ಅಷ್ಟು ಹೊತ್ತು ಎಣಿಸಿದ್ದ ಹುಡುಗಿ ಸುಮ್ನೆ ಪೆನ್ಸಿಲ್ ಕೆಳಗಿಟ್ಟಳು. ಅದು ಇನ್ನೂ ಕಣ್ಣ ಮುಂದೆ ಇದೆ.

ಬರುವ ಗುರುವಾರ ಇನ್ನೊಂದು ವಿಭಾಗಕ್ಕೆ ಇದೇ ಪಾಠ. ಅಳತೆಯ ತಪ್ಪನ್ನು ಮಕ್ಕಳೇ ಹಿಡಿಯಬೇಕಾದರೆ ನಾನು ಏನು ಕೇಳಬೇಕು? 40 ನಿಮಿಷದಲ್ಲಿ ಮುಗಿಯದಿದ್ದರೆ ಪ್ರಶ್ನೆಯನ್ನು ಮರುದಿನಕ್ಕೆ ಹಾಗೇ ಬಿಡಬಹುದಾ? ಏಳು ಜನರ ಗುಂಪು ಜಾಸ್ತಿ ಆಯ್ತು ಅನಿಸುತ್ತೆ, ಅಲ್ವಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.